ದಾದಿಯ ಸೊಂಟ, ರೋಗಿಯ ಭುಜ

ಕಳೆದ ಸಂಚಿಕೆಯಲ್ಲಿ ಹಾಸಿಗೆ ಹುಣ್ಣಿನ ಬಗ್ಗೆ ಬರೆಯುವಾಗ "ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿ" ಎಂದು ಹೇಳಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಬದಲಿಸುವವರ ಸೊಂಟದ ಗತಿ ಏನು? 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದವಳು ನಾನು. ಆ ಪ್ರಶ್ನೆಗೂ ಅಲ್ಲೇ ಉತ್ತರ ಬರೆಯಬೇಕಿತ್ತು. ಈ ಸಲದ ಪುಟಗಳೆಲ್ಲ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಆಸ್ಪತ್ರೆಯೊಂದರ ಪುರುಷರ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ವಯಸ್ಸು 29. ರಾತ್ರಿ ಪಾಳಿಯಲ್ಲಿ ನಾನು ಮತ್ತು ಒಬ್ಬ ಆಯಾ ಮಾತ್ರ. ಉಸಿರಾಟದ ತೊಂದರೆಯವರು, ಲಕ್ವ ಹೊಡೆದವರು ಮಂಚದ ಕಾಲಿನ ಕಡೆಗೆ ಜಾರುತ್ತಲೇ ಇರುತ್ತಾರೆ. ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದು ಎಳೆದು ಈಗ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲಾಗುತ್ತಿಲ್ಲ. ಮಂಡಿ ಮಡಿಸಿ, ಬೆನ್ನು ನೇರವಾಗಿಟ್ಟು ಎತ್ತಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನಾನು ಮಾಡುತ್ತಿರುವ ತಪ್ಪೇನು?
— ಹೆಸರು, ಊರು ಬೇಡ ಎಂದಿದ್ದಾರೆ

ಉತ್ತರ: ತಂಗಿ, ತಪ್ಪು ಹುಡುಕುವ ಮೊದಲು ಒಂದು ಲೆಕ್ಕ ಹಾಕೋಣ. ರೋಗಿಯ ತೂಕ 70 ಕಿಲೋ ಎಂದುಕೊಳ್ಳಿ. ಇಬ್ಬರು ಎತ್ತಿದರೆ ಒಬ್ಬೊಬ್ಬರ ಪಾಲಿಗೆ 35 ಕಿಲೋ. ಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ. ಅದಕ್ಕಾದರೂ ಹಿಡಿಕೆ ಇದೆ, ಅದು ನೋವೆಂದು ನರಳುವುದಿಲ್ಲ, ಅರ್ಧ ದಾರಿಯಲ್ಲಿ ಹೆದರಿ ನಿಮ್ಮ ಕುತ್ತಿಗೆ ಹಿಡಿದುಕೊಳ್ಳುವುದಿಲ್ಲ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ ದಾಟಬಾರದು ಎಂದು ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೂ ರೋಗಿ ಹೇಳಿದಂತೆ ಕೇಳುವವನಾಗಿದ್ದು, ಭಾರ ಮೈಗೆ ಹತ್ತಿರ ಇದ್ದರೆ ಮಾತ್ರ. ಮನುಷ್ಯನ ಒಂದು ಕಾಲೇ ಅವನ ತೂಕದ ಆರನೇ ಒಂದು ಪಾಲು ಇರುತ್ತದೆ. 70 ಕಿಲೋ ರೋಗಿಯ ಕಾಲನ್ನು ಬ್ಯಾಂಡೇಜ್ ಸುತ್ತಲೆಂದು ಎತ್ತಿ ಹಿಡಿದರೆ ಅದೇ 11 ಕಿಲೋಗೂ ಹೆಚ್ಚಾಯಿತು. ಇಬ್ಬರು ಹೆಂಗಸರು ಇಡೀ ಮನುಷ್ಯನನ್ನು ಎತ್ತುವ ಮಾತು ಎಲ್ಲಿಂದ ಬಂತು?

ಇನ್ನು ಮಂಡಿ ಮಡಿಸುವ ಪಾಠ. ಅದು ನೆಲದ ಮೇಲಿನ ಪೆಟ್ಟಿಗೆ ಎತ್ತುವವನಿಗೆ ಸರಿ. ಪೆಟ್ಟಿಗೆಯನ್ನು ಎರಡು ಕಾಲುಗಳ ನಡುವೆ ತಂದುಕೊಳ್ಳಬಹುದು. ರೋಗಿಗೂ ನಿಮಗೂ ನಡುವೆ ಮಂಚದ ಕಬ್ಬಿಣದ ಪಟ್ಟಿ ಇದೆ. ಮಂಡಿ ಮಡಿಸಿದರೆ ಅದು ಪಟ್ಟಿಗೆ ತಗಲುತ್ತದೆ, ಕೈ ಮಾತ್ರ ಮುಂದಕ್ಕೆ ಚಾಚುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಚೆಮ್ಸನ್ ಬೆನ್ನೆಲುಬಿನ ಡಿಸ್ಕ್‌ನೊಳಕ್ಕೆ ಸೂಜಿ ಇಳಿಸಿ ಒತ್ತಡ ಅಳೆದವರು. ನೇರವಾಗಿ ನಿಂತಾಗಿನ ಒತ್ತಡವನ್ನು 100 ಎಂದುಕೊಂಡರೆ, ಮುಂದಕ್ಕೆ ಬಗ್ಗಿದಾಗ ಅದು ಸುಮಾರು 150, ಬಗ್ಗಿ 20 ಕಿಲೋ ಹಿಡಿದಾಗ ಸುಮಾರು 220 ಎಂದು ಅವರು ಕಂಡುಕೊಂಡರು. ನೀವು ಬಗ್ಗುವುದರ ಜೊತೆಗೆ ಸೊಂಟವನ್ನು ತಿರುಚುತ್ತಲೂ ಇದ್ದೀರಿ. ಕಾಲು ಮಂಚದ ಕಡೆಗೆ, ಎಳೆಯುವುದು ತಲೆಯ ಕಡೆಗೆ.

ನಿಮ್ಮ ಪತ್ರ ಓದುವಾಗ 1991ರ ಒಂದು ರಾತ್ರಿ ಕಣ್ಣಮುಂದೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಲಕ್ವ ಹೊಡೆದ ಒಬ್ಬ ರೈತರು ಮಂಚದಿಂದ ಕೆಳಗೆ ಬೀಳುವಷ್ಟು ಜಾರಿದ್ದರು. ನಾನು ಮತ್ತು ಆಯಾ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆದೆವು. ನನ್ನ ಸೊಂಟದಲ್ಲಿ ಹಗ್ಗದ ಎಳೆಯೊಂದು ಕಿತ್ತ ಹಾಗಾಯಿತು. ಮೂರು ವಾರ ಹಲಗೆಯ ಮೇಲೆ ಮಲಗಿದೆ. ಆದರೆ ನನ್ನ ನಿದ್ದೆಗೆಡಿಸಿದ್ದು ಸೊಂಟವಲ್ಲ. ಆ ರೈತರ ಸ್ವಾಧೀನ ತಪ್ಪಿದ ಕೈಯ ಭುಜ ಅದೇ ದಿನ ಕೀಲಿನಿಂದ ಸರಿದಿತ್ತು. ಮಾತು ಬರದ ಅವರು ಆ ಭುಜವನ್ನು ಇನ್ನೊಂದು ಕೈಯಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರಂತೆ. ಕಂಕುಳಿಗೆ ಕೈ ಹಾಕಿ ಎಳೆಯುವುದನ್ನು ನಾನು ಅಂದಿನಿಂದ ಬಿಟ್ಟೆ, ನನ್ನ ಕೈಕೆಳಗೆ ಬಂದವರಿಗೂ ಬಿಡಿಸಿದೆ. ನೀವೂ ಇಂದು ರಾತ್ರಿಯಿಂದಲೇ ಬಿಡಿ.

ಬದಲಿಗೆ ಹೀಗೆ ಮಾಡಿ. ಗಟ್ಟಿ ದುಪ್ಪಟಿಯೊಂದನ್ನು ಎರಡಾಗಿ ಮಡಿಸಿ ರೋಗಿಯ ಭುಜದಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಿಟ್ಟಿರಿ. ಜಾರಿದಾಗಲೆಲ್ಲ ಹೊಸದಾಗಿ ಹಾಕುವುದು ಬೇಡ, ಪಾಳಿಯ ಆರಂಭದಲ್ಲಿ ಹಾಸಿಗೆ ಬದಲಿಸುವಾಗಲೇ ಹಾಕಿಬಿಡಿ. ಎಳೆಯುವ ಮೊದಲು ಮಂಚದ ತಲೆಭಾಗವನ್ನು ಸಮತಟ್ಟು ಮಾಡಿ. ಉಬ್ಬಸದ ರೋಗಿಯಾದರೆ ಎಲ್ಲ ಸಿದ್ಧ ಮಾಡಿಕೊಂಡು ಕೊನೆಯ ಗಳಿಗೆಯಲ್ಲಿ, ಅವರು ತಡೆಯುವಷ್ಟು ಮಾತ್ರ ಇಳಿಸಿ. ಮೂಗಿನ ಕೊಳವೆಯಲ್ಲಿ ಆಹಾರ ಹೋಗುತ್ತಿದ್ದರೆ ನಿಲ್ಲಿಸಿ. ದಿಂಬನ್ನು ತೆಗೆದು ತಲೆಯ ಕಡೆಯ ಸರಳಿಗೆ ಒರಗಿಸಿಡಿ, ತಲೆ ಬಡಿಯುವುದಿಲ್ಲ. ಸಲೈನ್ ನಳಿಕೆ, ಮೂತ್ರದ ಚೀಲ ಎಲ್ಲಿ ಸಿಕ್ಕಿಕೊಂಡಿವೆ ನೋಡಿ. ಚಕ್ರಗಳಿಗೆ ಬ್ರೇಕ್ ಹಾಕಿ. ಬ್ರೇಕ್ ಕೆಟ್ಟಿದ್ದರೆ, ಹೆಚ್ಚಿನ ವಾರ್ಡುಗಳಲ್ಲಿ ಕೆಟ್ಟೇ ಇರುತ್ತದೆ, ಮಂಚದ ತಲೆಭಾಗವನ್ನು ಗೋಡೆಗೆ ತಾಗಿಸಿ.

ಈಗ ನೀವು ಒಂದು ಕಡೆ, ಆಯಾ ಇನ್ನೊಂದು ಕಡೆ. ದುಪ್ಪಟಿಯ ಅಂಚನ್ನು ಸುರುಳಿ ಸುತ್ತಿ ರೋಗಿಯ ಮೈಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ದೂರ ಹಿಡಿದರೆ ಬಟ್ಟೆ ಜೋಲುತ್ತದೆ, ಆ ಜೋಲನ್ನು ನಿಮ್ಮ ಬೆನ್ನು ಎಳೆಯಬೇಕಾಗುತ್ತದೆ. ಮೊಣಕೈ ಪಕ್ಕೆಗೆ ಅಂಟಿರಲಿ. ಒಂದು ಪಾದ ತಲೆಯ ಕಡೆಗೆ ಮುಂದೆ, ಇನ್ನೊಂದು ಹಿಂದೆ. ಮಂಚ ತಗ್ಗಾಗಿದ್ದರೆ ಒಂದು ಮಂಡಿಯನ್ನು ಹಾಸಿಗೆಯ ಮೇಲೆ ಊರಿ, ಸಂಕೋಚ ಬೇಡ. ರೋಗಿಗೆ ಶಕ್ತಿ ಇದ್ದರೆ ಗದ್ದವನ್ನು ಎದೆಗೆ ಒತ್ತಿ, ಮಂಡಿ ಮಡಿಸಿ, ಹಿಮ್ಮಡಿಯಿಂದ ಹಾಸಿಗೆಯನ್ನು ಒತ್ತಲು ಹೇಳಿ. ಅವರ ಆ ಸಣ್ಣ ಒತ್ತು ನಿಮ್ಮಿಬ್ಬರ ಅರ್ಧ ಕೆಲಸ ಕಳೆಯುತ್ತದೆ. ಎಣಿಕೆ ಒಬ್ಬರದೇ ಇರಲಿ. "ಮೂರು" ಎನ್ನುವಾಗಲೋ, "ಮೂರು" ಆದ ಮೇಲೋ ಎಂದು ಮೊದಲೇ ಮಾತಾಡಿಕೊಳ್ಳಿ, ಒಬ್ಬರು ಮುಂಚೆ ಎಳೆದರೆ ಇಡೀ ಭಾರ ಆ ಒಬ್ಬರದಾಗುತ್ತದೆ. ಎಣಿಕೆ ಮುಗಿಯುತ್ತಿದ್ದಂತೆ ತೋಳಿನಿಂದ ಎಳೆಯಬೇಡಿ. ಮೈಭಾರವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ವರ್ಗಾಯಿಸಿ, ದುಪ್ಪಟಿ ಅದರ ಜೊತೆ ತಾನೇ ಜಾರುತ್ತದೆ. ಹಾಸಿಗೆಯಿಂದ ಮೇಲಕ್ಕೆ ಎತ್ತುವುದು ಎಲ್ಲಿಯೂ ಇಲ್ಲ.

ಬಟ್ಟೆಯ ಮೇಲೆ ಬಟ್ಟೆ ತಡೆದು ಎಳೆತ ಕಷ್ಟವಾದರೆ ಪ್ಯಾರಾಚೂಟ್ ಬಟ್ಟೆ ಎಂದು ಅಂಗಡಿಯಲ್ಲಿ ಸಿಗುವ ನುಣುಪು ನೈಲಾನ್ ತನ್ನಿ. ಅದನ್ನು ಕೊಳವೆಯ ಹಾಗೆ ಸುತ್ತು ಹೊಲಿಸಿ ದುಪ್ಪಟಿಯ ಕೆಳಗೆ ಸೇರಿಸಿದರೆ ಒಳಮೈ ಒಂದರ ಮೇಲೊಂದು ಜಾರುತ್ತದೆ. ನಾನು ವಾರ್ಡಿಗೆ ಎರಡರಂತೆ ದರ್ಜಿಯಿಂದ ಹೊಲಿಸಿಟ್ಟಿದ್ದೆ. ಕೆಲಸ ಮುಗಿದ ಕೂಡಲೇ ತೆಗೆಯಲು ಮರೆಯಬೇಡಿ. ಅದರ ಮೇಲೇ ಬಿಟ್ಟರೆ ರೋಗಿ ಮತ್ತೆ ಜಾರುತ್ತಾರೆ, ಬೆವರಿ ಚರ್ಮ ಕೆಡುತ್ತದೆ. ಒಬ್ಬರಿಗೆ ಬಳಸಿದ್ದನ್ನು ಒಗೆಯದೆ ಇನ್ನೊಬ್ಬರಿಗೆ ಹಾಕಬೇಡಿ.

ಅವರು ಅಷ್ಟು ಸಲ ಜಾರುವುದೇಕೆ ಎಂದು ಯೋಚಿಸಿದ್ದೀರಾ? ತಲೆಭಾಗವನ್ನೂ ಮಂಡಿಭಾಗವನ್ನೂ ಹಿಡಿಕೆ ತಿರುಗಿಸಿ ಎತ್ತಬಹುದಾದ ಫೌಲರ್ ಮಂಚದಲ್ಲಿ ತಲೆಭಾಗ ಮಾತ್ರ ಎತ್ತಿ ಮಂಡಿಭಾಗ ಹಾಗೇ ಬಿಟ್ಟರೆ ಯಾರಾದರೂ ಜಾರುತ್ತಾರೆ, ಬೆನ್ನ ಬುಡದ ಚರ್ಮ ಎಳೆದು ಹುಣ್ಣೂ ಅಲ್ಲೇ ಶುರುವಾಗುತ್ತದೆ. ಮೊದಲು ಮಂಡಿಭಾಗ ಎತ್ತಿ, ಆಮೇಲೆ ತಲೆಭಾಗ. ಮಂಡಿಯ ಹಿಡಿಕೆ ಕೆಟ್ಟಿದ್ದರೆ ಸುತ್ತಿದ ಕಂಬಳಿಯನ್ನು ತೊಡೆಯ ಕೆಳಗೆ ಕೊಡಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೂ ಒಂದು ದಿಂಬು. ರಾತ್ರಿಗೆ ಎಂಟು ಸಲ ಎಳೆಯುವವರನ್ನು ಮೂರು ಸಲ ಎಳೆದರೆ ಸಾಕಾಗುವುದನ್ನು ನಾನು ಕಂಡಿದ್ದೇನೆ.

ನಿಮ್ಮ ನೋವನ್ನು ವೈದ್ಯರಿಗೆ ತೋರಿಸಿ. ನನ್ನ ಹಾಗೆ ವಾರಗಟ್ಟಲೆ ಮಲಗಬೇಡಿ. ಬರಿಯ ಸೊಂಟನೋವಿಗೆ ಹಾಸಿಗೆ ಹಿಡಿಯುವುದಕ್ಕಿಂತ ನಿತ್ಯದ ಓಡಾಟವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದೇ ಒಳ್ಳೆಯದು ಎಂದು ಈಗ ವೈದ್ಯರು ಹೇಳುತ್ತಾರೆ. ಆದರೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಕಾಲಿನ ಬಲ ತಗ್ಗಿದರೆ ಒಂದು ಗಂಟೆಯೂ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ಅಕ್ಕಾ, ನಾನು ನರ್ಸ್ ಅಲ್ಲ, ಮನೆಯ ಸೊಸೆ. ನಮ್ಮ ಅತ್ತೆಗೆ 68 ವರ್ಷ. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಎಡಭಾಗ ಬಿದ್ದುಹೋಗಿದೆ. ತೂಕ 72 ಕಿಲೋ. ನನ್ನದು 48. ಯಜಮಾನರು ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು. ಅತ್ತೆ ಮಂಚದಿಂದ ಬಿದ್ದಾರು ಎಂಬ ಭಯಕ್ಕೆ ನೆಲದ ಮೇಲೆ ಹಾಸಿಗೆ ಹಾಕಿದ್ದೇವೆ. ಕೂರಿಸುವಾಗ ಅವರು ನನ್ನ ಕುತ್ತಿಗೆಗೆ ಕೈ ಹಾಕಿ ಜೋತುಬೀಳುತ್ತಾರೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ.
— ಗೃಹಿಣಿ, ತುಮಕೂರು ಜಿಲ್ಲೆ

ಉತ್ತರ: ನರ್ಸ್ ಅಲ್ಲ ಎಂದು ಬರೆದಿದ್ದೀರಿ. ನಾಲ್ಕು ತಿಂಗಳಿಂದ ರಜೆಯಿಲ್ಲದೆ ಮೂರೂ ಪಾಳಿ ಮಾಡುತ್ತಿರುವವರು ನೀವು. ನಿಮ್ಮ ಪತ್ರಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ನೆಲದ ಹಾಸಿಗೆ ತೆಗೆಯಿರಿ. ನೆಲದಿಂದ ಒಬ್ಬರನ್ನು ಏಳಿಸುವಷ್ಟು ಕೆಟ್ಟ ಕೆಲಸ ಸೊಂಟಕ್ಕೆ ಬೇರೊಂದಿಲ್ಲ. ಬೀಳುವ ಭಯಕ್ಕೆ ಮಂಚದ ಒಂದು ಪಕ್ಕವನ್ನು ಗೋಡೆಗೆ ಸೇರಿಸಿ, ಇನ್ನೊಂದು ಪಕ್ಕದ ನೆಲಕ್ಕೆ ರಾತ್ರಿ ಹೊತ್ತು ಹಳೆಯ ಹಾಸಿಗೆ ಹಾಕಿ. ಅವರ ಚುರುಕಾದ ಬಲಗೈ ಬಲಗಾಲು ಹೊರಪಕ್ಕಕ್ಕೆ ಬರುವಂತೆ ಮಲಗಿಸಿ. ಮಂಚದ ಅಂಚಿನಲ್ಲಿ ಕುಳಿತಾಗ ಅವರ ಪಾದ ಪೂರ್ತಿ ನೆಲಕ್ಕೆ ಊರಬೇಕು, ಅಷ್ಟೇ ಎತ್ತರ ಸಾಕು. ತೀರಾ ತಗ್ಗಾಗಿದ್ದರೆ ಬಡಗಿಯಿಂದ ಮರದ ಗಟ್ಟಿ ದಿಮ್ಮಿ ಮಾಡಿಸಿ, ಮಂಚದ ಕಾಲು ಕೂರುವಷ್ಟು ಗುಳಿ ತೋಡಿಸಿ ಕೆಳಗೆ ಕೊಡಿ. ಬರಿಯ ಇಟ್ಟಿಗೆ ಬೇಡ, ಸರಿದುಹೋಗುತ್ತದೆ. ಆ ಎತ್ತರದಲ್ಲಿ ಮೈ ಒರೆಸುವಾಗ ನಿಮಗೆ ತಗ್ಗಾಗುವುದು ನಿಜ. ಅದಕ್ಕೆ ನಿಂತು ಬಗ್ಗಬೇಡಿ, ಸ್ಟೂಲ್ ಎಳೆದುಕೊಂಡು ಕುಳಿತು ಒರೆಸಿ.

ಮಗ್ಗುಲು ಬದಲಿಸುವುದಕ್ಕೆ ಬಲ ಬೇಡ. ನಿಮ್ಮ ಕಡೆಗೆ ಹೊರಳಿಸಬೇಕಾದರೆ ಆಚೆಯ ಮಂಡಿಯನ್ನು ಮಡಿಸಿ ಪಾದ ಹಾಸಿಗೆಗೆ ಊರಿಸಿ. ಆಚೆಯ ಕೈಯನ್ನು ಎದೆಯ ಮೇಲೆ ತನ್ನಿ. ಬಿದ್ದುಹೋದ ಎಡಗೈಯಾದರೆ ಮಣಿಕಟ್ಟು ಹಿಡಿದು ಎಳೆಯಬೇಡಿ, ಮೊಣಕೈಗೆ ಅಂಗೈ ಕೊಟ್ಟು ತನ್ನಿ. ತಲೆಯನ್ನು ನಿಮ್ಮ ಕಡೆಗೆ ತಿರುಗಿಸಲು ಹೇಳಿ. ಈಗ ಒಂದು ಕೈ ಭುಜದ ಹಿಂದೆ, ಒಂದು ಕೈ ಮಡಿಸಿದ ಮಂಡಿಯ ಮೇಲೆ. ಆ ಮಂಡಿಯನ್ನು ನಿಮ್ಮ ಕಡೆಗೆ ಒತ್ತಿದರೆ ಅದೇ ಸನ್ನೆಗೋಲಾಗಿ ಇಡೀ ದೇಹ ಹೊರಳುತ್ತದೆ. ಪೂರ್ತಿ ಮಗ್ಗುಲಿಗೆ ಮಲಗಿಸುವುದಕ್ಕಿಂತ ಬೆನ್ನಿಗೆ ಒಂದು ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸೊಂಟದ ಮೂಳೆಯ ಮೇಲೆ ಒತ್ತಡ ಕಡಿಮೆ.

ಕೂರಿಸುವಾಗ ಅಂಗಾತ ಮಲಗಿದವರನ್ನು ಎಂದೂ ನೇರವಾಗಿ ಎಬ್ಬಿಸಬೇಡಿ. ಬಲಮಗ್ಗುಲಿಗೆ ಹೊರಳಿಸಿ, ಎರಡೂ ಕಾಲನ್ನು ಮಂಚದ ಅಂಚಿನಿಂದ ಕೆಳಗೆ ಬಿಡಿ. ಬಲ ಮೊಣಕೈಯನ್ನು ಹಾಸಿಗೆಗೆ ಒತ್ತಲು ಅವರಿಗೇ ಹೇಳಿ. ಕಾಲು ಕೆಳಗಿಳಿಯುವಾಗ ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ಮೈ ಮೇಲೇಳುತ್ತದೆ, ನೀವು ಭುಜದ ಹಿಂದೆ ಆಸರೆ ಕೊಟ್ಟರೆ ಸಾಕು. ಕುಳಿತ ಮೇಲೆ ಒಂದೆರಡು ನಿಮಿಷ ಕಾಯಿರಿ. ತಲೆ ತಿರುಗುತ್ತಿದೆಯೇ ಎಂದು ಕೇಳಿ, ಮುಖದ ಬಣ್ಣ ನೋಡಿ. ಬಹಳ ಹೊತ್ತು ಮಲಗಿದವರಿಗೆ ಎದ್ದ ಕೂಡಲೇ ರಕ್ತದೊತ್ತಡ ಇಳಿಯುವುದುಂಟು.

ಕುರ್ಚಿಗೆ ಸಾಗಿಸುವ ಮೊದಲು ಒಂದು ಮಾತು. ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲಬಲ್ಲರು ಎಂದು ಫಿಸಿಯೋಥೆರಪಿಸ್ಟ್ ನೋಡಿ ಹೇಳಿದ್ದರೆ ಮಾತ್ರ ನೀವೊಬ್ಬರೇ ಮಾಡಬಹುದು. ಇಲ್ಲವಾದರೆ ಯಜಮಾನರು ಮನೆಯಲ್ಲಿದ್ದಾಗ ಮಾಡಿ. ಕುರ್ಚಿ ಅವರ ಬಲಗಡೆಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇರಲಿ. ಗಟ್ಟಿಯಾದ ಬಲಗಾಲಿನ ಕಡೆಗೆ ತಿರುಗುವುದು ಸುಲಭ. ಕಾಲಲ್ಲಿ ಜಾರುವ ಕಾಲುಚೀಲ ಬೇಡ. ಅಂಚಿಗೆ ಸರಿದು, ಪಾದವನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಲಿ. ಈ ಬಾಗುವುದೇ ಗುಟ್ಟು. ಬಾಗಿದರೆ ಅವರ ಭಾರ ಅವರ ಪಾದಕ್ಕೇ ಬರುತ್ತದೆ, ಬಾಗದಿದ್ದರೆ ನಿಮ್ಮ ತೋಳಿಗೆ. ನಿಮ್ಮ ಮಂಡಿಗಳಿಂದ ಅವರ ಎಡಮಂಡಿಗೆ ಎದುರಿನಿಂದ ಅಡ್ಡ ಕೊಡಿ, ಅದು ಕುಸಿಯುವುದಿಲ್ಲ.

ಹಿಡಿಯುವುದು ಎಲ್ಲಿ ಎಂದರೆ, ಸೊಂಟದಲ್ಲಿ. ಬ್ಯಾಗ್ ಹೊಲಿಯುವವರ ಬಳಿ ನಾಲ್ಕು ಬೆರಳು ಅಗಲದ ಗಟ್ಟಿ ಪಟ್ಟಿ, ಬಿಗಿಯಾಗಿ ಕೂರುವ ಬಕಲ್, ಎರಡೂ ಬದಿ ಹಿಡಿಕೆ ಇರುವಂತೆ ಬೆಲ್ಟ್ ಹೊಲಿಸಿ. ಬಟ್ಟೆಯ ಮೇಲೆ ಅತ್ತೆಯವರ ಸೊಂಟಕ್ಕೆ ಕಟ್ಟಿ ಹಿಡಿಕೆಯಲ್ಲೇ ಹಿಡಿಯಿರಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ, ಹೊಟ್ಟೆಗೆ ಕೊಳವೆ ಹಾಕಿದವರಿಗೆ ಇದು ಬೇಡ. ಬಿದ್ದ ಎಡಗೈಯನ್ನು ಜಗ್ಗಬೇಡಿ. ಆ ಭುಜವನ್ನು ಕೀಲಿನಲ್ಲಿ ಹಿಡಿದಿಡುವ ಸ್ನಾಯುಗಳೇ ಸೋತಿವೆ.

ಇನ್ನು ಅತ್ತೆಯವರು ಕುತ್ತಿಗೆಗೆ ಜೋತುಬೀಳುವುದು. ಅವರಿಗೆ ಬೀಳುವ ಭಯ, ಸಿಕ್ಕಿದ್ದನ್ನು ಹಿಡಿಯುತ್ತಾರೆ. "ಬೇಡ" ಎನ್ನುವ ಬದಲು ಹಿಡಿಯಲು ಬೇರೆ ಏನಾದರೂ ಕೊಡಿ. "ಅತ್ತೆ, ಬಲಗೈಯನ್ನು ಕುರ್ಚಿಯ ಕೈ ಮೇಲೆ ಇಡಿ" ಎಂದು ಮೊದಲು ಹೇಳಿ, ಅವರ ಕೈ ಅಲ್ಲಿ ಕೂತ ಮೇಲೇ ಎಬ್ಬಿಸಿ. ದಿನಕ್ಕೆ ನಾಲ್ಕು ಸಲ ಹಾಗೆ ಮಾಡಿದರೆ ವಾರದೊಳಗೆ ಕೈ ತಾನೇ ಅತ್ತ ಹೋಗುತ್ತದೆ. ಶೌಚಕ್ಕೆ ಚಕ್ರವಿರುವ ಕಮೋಡ್ ಕುರ್ಚಿ ತನ್ನಿ. ಮಂಚದಿಂದ ಅದಕ್ಕೆ ಕೂರಿಸಿದರೆ ಶೌಚ, ಸ್ನಾನ ಎರಡೂ ಅದರಲ್ಲೇ ಮುಗಿದು ನಾಲ್ಕು ಸಲದ ಸಾಗಾಟ ಎರಡಕ್ಕೆ ಇಳಿಯುತ್ತದೆ. ಅಂಗಡಿಯ ಲೆಕ್ಕದಲ್ಲಿ ಮೊದಲು ಇದಕ್ಕೆ ಹಣ ತೆಗೆದಿಡಲು ಯಜಮಾನರಿಗೆ ಹೇಳಿ. ಈ ಪುಟವನ್ನೇ ತೋರಿಸಿ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡಿದರೆ ನೋವು ಬರುವುದಿಲ್ಲವೇ? ನಮ್ಮ ವಾರ್ಡಿನಲ್ಲಿ ನಾಲ್ವರು ಕಟ್ಟಿಕೊಳ್ಳುತ್ತಾರೆ.
— ಸ್ಟಾಫ್ ನರ್ಸ್, ದಾವಣಗೆರೆ

ಉತ್ತರ: ಆರೋಗ್ಯವಂತರಿಗೆ ಅದರಿಂದ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಕಟ್ಟಿಕೊಂಡವರು ಧೈರ್ಯದಿಂದ ಹೆಚ್ಚು ಭಾರಕ್ಕೆ ಕೈ ಹಾಕುವುದನ್ನು ಮಾತ್ರ ನೋಡಿದ್ದೇನೆ. ನೋವಿರುವವರಿಗೆ ವೈದ್ಯರು ಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಕಟ್ಟಿ. ಅದೇ ದುಡ್ಡಿಗೆ ನಾಲ್ಕು ಮೀಟರ್ ನೈಲಾನ್ ಬಟ್ಟೆ ಬರುತ್ತದೆ.

ಪ್ರಶ್ನೆ: ನಾನು ಬ್ರಿಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಐದು ವರ್ಷದಿಂದ ನರ್ಸ್. ಇಲ್ಲಿ ಯಾರನ್ನೂ ಕೈಯಿಂದ ಎತ್ತುವ ಹಾಗಿಲ್ಲ, ಎಲ್ಲಕ್ಕೂ ರೋಗಿಯನ್ನು ಜೋಲಿಯಲ್ಲಿ ಕೂರಿಸಿ ಎತ್ತುವ ಹಾಯ್ಸ್ಟ್ ಯಂತ್ರ. ಮಂಡ್ಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾರೆ, ಅಮ್ಮನಿಗೆ 63. ಹಾಯ್ಸ್ಟ್ ಕೊಂಡು ಕೊಡಬೇಕೆಂದಿದ್ದೇನೆ. ಸಲಹೆ ಕೊಡಿ.
— ಲೀಡ್ಸ್

ಉತ್ತರ: ಕೈಯಿಂದ ಭಾರ ನಿಭಾಯಿಸುವ ಕೆಲಸಗಳಿಗೆ ಅಲ್ಲಿ 1992ರಲ್ಲೇ ನಿಯಮ ಬಂತು. ಅಪಾಯದ ಎತ್ತುವಿಕೆಯನ್ನು ಸಾಧ್ಯವಾದಷ್ಟು ತಪ್ಪಿಸುವುದು ಮಾಲೀಕನ ಹೊಣೆ ಎಂದು ಅದು ಹೇಳುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಾದಿಯರ ಸಂಘ 1998ರಲ್ಲಿ "ಎತ್ತುವುದಿಲ್ಲ" ಎಂಬ ನೀತಿಯನ್ನೇ ತಂದಿತು. ನಮ್ಮಲ್ಲೂ ಆ ದಿನ ಬರಬೇಕೆಂದು ನಾನು ಹಂಬಲಿಸುತ್ತೇನೆ.

ಆದರೆ ದುಡ್ಡು ಕಳಿಸುವ ಮೊದಲು ಅಮ್ಮನಿಗೆ ಫೋನ್ ಮಾಡಿ ಮೂರು ಅಳತೆ ಕೇಳಿ. ಹಾಯ್ಸ್ಟ್‌ನ ಕಾಲು ಮಂಚದ ಕೆಳಗೆ ತೂರಬೇಕು. ನಮ್ಮ ಮನೆಗಳ ದಿವಾನ್ ಮಂಚಕ್ಕೆ ಕೆಳಗೆ ಪೆಟ್ಟಿಗೆ ಇರುತ್ತದೆ, ಯಂತ್ರ ಹೊರಗೇ ನಿಲ್ಲುತ್ತದೆ. ಎರಡನೆಯದು ಹೊಸ್ತಿಲು. ಭಾರ ಹೊತ್ತ ಸಣ್ಣ ಚಕ್ರ ಎರಡು ಅಂಗುಲದ ಹೊಸ್ತಿಲನ್ನು ದಾಟುವುದಿಲ್ಲ, ದಾಟಿಸಲು ಹೋದರೆ ಅಪ್ಪನ ಸಮೇತ ಮಗುಚುತ್ತದೆ. ಆದ್ದರಿಂದ ಯಂತ್ರ ಕೋಣೆಯೊಳಗೇ ಮಂಚದಿಂದ ಕುರ್ಚಿಗೆ ಮಾತ್ರ. ಮೂರನೆಯದು ಮಂಚದ ಪಕ್ಕದಲ್ಲಿ ಅದು ತಿರುಗಲು ಇರುವ ಜಾಗ. ಜೋಲಿಯ ಅಳತೆ ಅಪ್ಪನ ಮೈಗೆ ಸರಿಯಾಗಿರಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಮ್ಮ ಒಬ್ಬರೇ ಯಂತ್ರ ನಡೆಸಬಾರದು, ಪಕ್ಕದ ಮನೆಯವರೊಬ್ಬರು ಒಪ್ಪಿದ್ದರೆ ಮಾತ್ರ ಕೊಳ್ಳಿ. ನೀವು ರಜೆಗೆ ಬಂದಾಗ ನಿಮ್ಮನ್ನೇ ಜೋಲಿಯಲ್ಲಿ ಕೂರಿಸಿ ಎತ್ತುವುದನ್ನು ಅವರಿಬ್ಬರಿಗೂ ಕಲಿಸಿ. ಅದಕ್ಕೂ ಮುಂಚೆ, ಊರಿಗೆ ಬರುವ ಯಾರದಾದರೂ ಸೂಟ್‌ಕೇಸಿನಲ್ಲಿ ಎರಡು ಸ್ಲೈಡ್ ಶೀಟ್, ಅಂದರೆ ರೋಗಿಯ ಕೆಳಗೆ ಹಾಕಿ ಸರಿಸುವ ನುಣುಪು ಜಾರುಬಟ್ಟೆ ಕಳಿಸಿ. ಸೀರೆಯಷ್ಟೇ ಜಾಗ ಹಿಡಿಯುತ್ತದೆ.

ಪ್ರಶ್ನೆ: ಸಿಸ್ಟರ್, ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ 12 ವರ್ಷದಿಂದ ಗುತ್ತಿಗೆಯ ವಾರ್ಡ್ ಅಟೆಂಡರ್. ಗಂಡಸು ಎಂದು ಎಲ್ಲ ಭಾರಕ್ಕೂ ನನ್ನನ್ನೇ ಕರೆಯುತ್ತಾರೆ. ಹೋದ ತಿಂಗಳು ನಡೆಸುತ್ತಿದ್ದ ರೋಗಿ ಕುಸಿದಾಗ ಹಿಡಿಯಲು ಹೋಗಿ ನನ್ನ ಭುಜ, ಸೊಂಟ ಎರಡೂ ಹಿಡಿದುಕೊಂಡವು. ಬಿಟ್ಟಿದ್ದರೆ ನನ್ನದೇ ತಪ್ಪಾಗುತ್ತಿತ್ತಲ್ಲವೇ?
— ಬೆಂಗಳೂರು

ಉತ್ತರ: ಇಲ್ಲ ತಮ್ಮ. ಬೀಳುತ್ತಿರುವ ದೇಹವನ್ನು ಎತ್ತಿ ಹಿಡಿಯುವುದು ಯಾವ ಗಂಡಸಿನಿಂದಲೂ ಆಗದು. ಮೆಲ್ಲಗೆ ಇಳಿಸುವುದು ಆಗುತ್ತದೆ. ನಡೆಸುವಾಗ ರೋಗಿಯ ಪಕ್ಕಕ್ಕೆ, ಅರ್ಧ ಹೆಜ್ಜೆ ಹಿಂದೆ ಇರಿ. ಮಂಡಿ ಸೋಲುತ್ತಿದೆ ಎನ್ನಿಸಿದ ಕ್ಷಣ ಅವರ ಹಿಂದೆ ಸರಿದು ಒಂದು ಕಾಲು ಮುಂದಿಟ್ಟು, ಅವರ ಬೆನ್ನು ನಿಮ್ಮ ತೊಡೆಯ ಮೇಲೆ ಜಾರಿ ನೆಲಕ್ಕೆ ಕೂರುವ ಹಾಗೆ ಬಿಡಿ. ತಲೆಯನ್ನು ಮಾತ್ರ ಕಾಯಿರಿ. ಹಾಗೆ ಕೂರಿಸಿದ್ದು ನಿರ್ಲಕ್ಷ್ಯ ಆಗುವುದಿಲ್ಲ.

ನೆಲದಲ್ಲಿ ಕೂತ ಕೂಡಲೇ ನಾಲ್ವರು ಓಡಿಬಂದು ಕೈಕಾಲು ಹಿಡಿದು ಎತ್ತುತ್ತಾರೆ. ಅದನ್ನು ನೀವು ತಡೆಯಬೇಕು. ಮೊದಲು ಸಿಸ್ಟರ್ ಅಥವಾ ವೈದ್ಯರು ತಲೆ, ಕುತ್ತಿಗೆ, ತೊಡೆಯ ಮೂಳೆ ನೋಡಲಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅಲುಗಿಸಬೇಡಿ. ಪೆಟ್ಟಿಲ್ಲ, ಕೈಕಾಲಲ್ಲಿ ಬಲವಿದೆ ಎಂದಾದರೆ ಎರಡು ಕುರ್ಚಿ ತನ್ನಿ. ಅವರು ಮಗ್ಗುಲಿಗೆ ಹೊರಳಿ, ಅಂಗೈ ಮಂಡಿ ಊರಿ, ಮುಂದಿನ ಕುರ್ಚಿಯ ಮೇಲೆ ಕೈಯಿಟ್ಟು, ಒಂದು ಪಾದ ಊರಿ ಏಳಲಿ. ಎದ್ದ ಕ್ಷಣ ಹಿಂದಿನ ಕುರ್ಚಿಯನ್ನು ನೀವು ಕೆಳಗೆ ಸರಿಸಿ. ಅವರ ಕೈಲಿ ಆಗದಿದ್ದರೆ, ಯಂತ್ರವೂ ಇಲ್ಲದಿದ್ದರೆ, ಗಟ್ಟಿ ಕಂಬಳಿಯ ಅಂಚು ಸುತ್ತಿ ಆರು ಜನ. ಮೂವರು ಸಾಲದು. ಆರು ಜನ ಸೇರುವವರೆಗೆ ತಲೆಗೆ ದಿಂಬು ಕೊಟ್ಟು, ಹೊದಿಸಿ, ನೆಲದಲ್ಲೇ ಬಿಟ್ಟರೆ ಏನೂ ಆಗುವುದಿಲ್ಲ.

ಗುತ್ತಿಗೆಯವರೆಂದು ಸುಮ್ಮನಿರಬೇಡಿ. ಗಾಯವಾದ ದಿನಾಂಕ, ಹೊತ್ತು, ಕಂಡವರ ಹೆಸರು ಬರೆದು ಮೇಲ್ವಿಚಾರಕರಿಗೆ ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ನಿಮ್ಮ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಕೆಲಸದಲ್ಲಿ ಆದ ಗಾಯಕ್ಕೆ ಚಿಕಿತ್ಸೆಯೂ ರಜೆಯ ದಿನಗಳ ಪರಿಹಾರವೂ ನಿಮ್ಮ ಹಕ್ಕು.

ಪ್ರಶ್ನೆ: ಐದು ತಿಂಗಳ ಗರ್ಭಿಣಿ ನಾನು. ವಾರ್ಡಿನಲ್ಲಿ ರೋಗಿಗಳನ್ನು ಸರಿಸಬಹುದೇ?
— ಸ್ಟಾಫ್ ನರ್ಸ್, ಶಿವಮೊಗ್ಗ

ಉತ್ತರ: ಬೇಡ. ಈಗ ಸೊಂಟದ ಕೀಲುಗಳ ಕಟ್ಟು ಸಡಿಲವಾಗಿರುತ್ತದೆ, ಹೊಟ್ಟೆಯ ಕಾರಣ ಭಾರವನ್ನು ಮೈಗೆ ಹತ್ತಿರ ತರಲೂ ಆಗುವುದಿಲ್ಲ. ಔಷಧಿ ಕೊಡುವುದು, ದಾಖಲೆ, ಹೊರರೋಗಿ ವಿಭಾಗ ಕೇಳಿಕೊಳ್ಳಿ. ಬಾಯಲ್ಲಿ ಕೇಳಬೇಡಿ, ವೈದ್ಯರ ಚೀಟಿಯೊಂದಿಗೆ ಬರೆದು ಕೊಡಿ. ನಿಮ್ಮ ಪಾಲಿನ ಸರಿಸುವ ಕೆಲಸ ಮಾಡುವ ಗೆಳತಿಯರಿಗೆ ಮುಂದೆ ನೀವೂ ಮಾಡುತ್ತೀರಿ.

ಪ್ರಶ್ನೆ: ನಾನು 60 ಹಾಸಿಗೆಗಳ ನರ್ಸಿಂಗ್ ಹೋಮ್ ನಡೆಸುವ ವೈದ್ಯ. ಕಳೆದ ವರ್ಷ ಎಲ್ಲ ನರ್ಸ್‌ಗಳಿಗೂ ಸರಿಯಾಗಿ ಎತ್ತುವ ಬಗ್ಗೆ ಎರಡು ದಿನ ತರಬೇತಿ ಕೊಡಿಸಿದೆ. ಬೆನ್ನುನೋವಿನ ರಜೆ ಕಡಿಮೆಯಾಗಲಿಲ್ಲ. ಕಲಿತದ್ದನ್ನು ಪಾಲಿಸುವುದಿಲ್ಲವೋ, ನೆಪವೋ ತಿಳಿಯುತ್ತಿಲ್ಲ.
— ವೈದ್ಯರು, ಮೈಸೂರು ವಿಭಾಗ

ಉತ್ತರ: ಡಾಕ್ಟರೇ, ನಿಮ್ಮ ಹುಡುಗಿಯರು ಸುಳ್ಳು ಹೇಳುತ್ತಿಲ್ಲ. ಎತ್ತುವ ವಿಧಾನದ ತರಬೇತಿಯೊಂದರಿಂದಲೇ ಬೆನ್ನುನೋವು ತಗ್ಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ ಎಂದು, ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆಯೇ ಹೇಳಿದೆ. ಕಲಿಸಬಾರದೆಂದಲ್ಲ. ಸರಿಯಾಗಿ ಜಾರಿಸುವುದನ್ನು ಕಲಿತವಳಿಗೆ ಜಾರಿಸಲು ಬಟ್ಟೆ ಬೇಕು, ಎದುರು ಪಕ್ಕ ಹಿಡಿಯಲು ಇನ್ನೊಬ್ಬಳು ಬೇಕು, ಮಂಚದ ಬ್ರೇಕ್ ಹಿಡಿಯಬೇಕು. ಇವು ಮೂರೂ ಅವಳ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿವೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ನಿಮಗೆ ಗೊತ್ತಿದೆ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂವರಿಗೊಬ್ಬರು, ಇತರ ಆಸ್ಪತ್ರೆಗಳಿಗೆ ಐವರಿಗೊಬ್ಬರು ನರ್ಸ್. ನಿಮ್ಮ ರಾತ್ರಿ ಪಾಳಿಯ ಹಾಜರಿಯನ್ನು ಅದರ ಪಕ್ಕ ಇಟ್ಟು ನೋಡಿ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ವೆಂಟಿಲೇಟರ್ ರೋಗಿಯನ್ನು ಬೋರಲು ಮಲಗಿಸಲು ಐವರು ನಿಲ್ಲುತ್ತಿದ್ದೆವು. ತಲೆಯ ಬಳಿ ಕೊಳವೆ ಹಿಡಿದವರೊಬ್ಬರು, ಎರಡೂ ಪಕ್ಕ ಇಬ್ಬಿಬ್ಬರು, ತಲೆಯ ಬಳಿಯವರದೇ ಎಣಿಕೆ. ಐವರು ಸೇರುವವರೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಕೊಳವೆ ಕಳಚಿದರೆ ಜೀವ ಹೋಗುತ್ತದೆಂಬ ಭಯಕ್ಕೆ ಆ ಶಿಸ್ತು ಬಂದಿತ್ತು. ಸಾಮಾನ್ಯ ವಾರ್ಡಿನ 80 ಕಿಲೋ ರೋಗಿಗೂ ಕನಿಷ್ಠ ಎಷ್ಟು ಜನ ಎಂದು ಪ್ರತಿ ಮಂಚದ ಕೇಸ್ ಶೀಟಿನ ಮೇಲೆ ಬರೆಸಿ: ತಾನೇ ಹೊರಳಬಲ್ಲರು, ಒಬ್ಬರ ನೆರವು, ಇಬ್ಬರು ಮತ್ತು ಜಾರುಬಟ್ಟೆ, ಯಂತ್ರ. ದಾಖಲಾದ ದಿನವೇ ತೂಕವೂ ಅಲ್ಲಿರಲಿ.

ಹಣ ಎಲ್ಲಿಂದ ಎಂದು ಕೇಳುತ್ತೀರಿ. ಮೊದಲು ಕಾಸು ಖರ್ಚಿಲ್ಲದ ಕೆಲಸ ಒಂದಿದೆ. ನಾಳೆ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಒಂದು ಕಾಗದ ಹಿಡಿದು 60 ಮಂಚಗಳ ಬಳಿಗೂ ನೀವೇ ಹೋಗಿ. ಪ್ರತಿ ಚಕ್ರದ ಬ್ರೇಕನ್ನು ಕಾಲಿನಿಂದ ಒತ್ತಿ ಮಂಚ ತಳ್ಳಿ ನೋಡಿ. ತಲೆಭಾಗದ, ಮಂಡಿಭಾಗದ ಹಿಡಿಕೆಗಳನ್ನು ನಿಮ್ಮ ಕೈಯಿಂದಲೇ ಬಗ್ಗಿ ತಿರುಗಿಸಿ. ಹಿಡಿಯದ ಬ್ರೇಕ್ ಎಷ್ಟು, ತಿರುಗದ ಹಿಡಿಕೆ ಎಷ್ಟು ಎಂದು ಬರೆದುಕೊಳ್ಳಿ. ಆ ಎರಡು ಸಂಖ್ಯೆಗಳನ್ನು ನನಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದೆ ಯಾವುದನ್ನು ಮೊದಲು ಕೊಳ್ಳಬೇಕೆಂದು ಅದನ್ನು ನೋಡಿ ಬರೆಯುತ್ತೇನೆ.